ಅರ್ಧಕ್ಕೆ ನಿಂತ ಸಾಹಸ: ‘ಜೆಲ್ಡಾ 2’ ಮುಗಿಯುವ ಬಗೆ

‘ಜೆಲ್ಡಾ 2: ದಿ ಅಡ್ವೆಂಚರ್ ಆಫ್ ಲಿಂಕ್’ ಜಪಾನಿನ ನಿಂಟೆಂಡೊ ಕಂಪನಿ 1987ರ ಜನವರಿ 14ರಂದು ಹೊರತಂದ ವಿಡಿಯೋ ಗೇಮ್. ‘ದಿ ಲೆಜೆಂಡ್ ಆಫ್ ಜೆಲ್ಡಾ’ ಎಂಬ ಹೆಸರಾಂತ ಸಾಹಸ ಸರಣಿಯಲ್ಲಿ ಇದು ಎರಡನೆಯದು. ಸರಣಿಯ ಅಭಿಮಾನಿಗಳಲ್ಲಿ ಉಳಿದ ಆಟಗಳನ್ನೆಲ್ಲ ಮುಗಿಸಿ ಇದೊಂದನ್ನು ಮಾತ್ರ ಅರ್ಧಕ್ಕೆ ಬಿಟ್ಟವರು ಬಹಳ. ಹುಡುಗರಾಗಿದ್ದಾಗ ಕೈಚೆಲ್ಲಿದ ಆಟವನ್ನು ತಲೆ ನರೆಯುವ ಹೊತ್ತಿಗೆ ಮತ್ತೆ ಕೈಗೆತ್ತಿಕೊಂಡು ಕೊನೆ ಮುಟ್ಟಿಸಿದವರೂ ಉಂಟು. ಬೆರಳಿನ ಚುರುಕು ವಯಸ್ಸಾದಂತೆ ಕಡಿಮೆಯಾಗುತ್ತದೆ. ಆದರೂ ಅಂದು ಆಗದ್ದು ಇಂದು ಆಗುತ್ತದೆ. ಅದಕ್ಕೆ ಕಾರಣ ಆಟದ ರಚನೆಯಲ್ಲೇ ಇದೆ. ಈ ಆಟ ಚುರುಕಿಗಿಂತ ಹೆಚ್ಚಾಗಿ ತಿಳಿವಳಿಕೆಯನ್ನು ಕೇಳುತ್ತದೆ. ಯಾವ ಶತ್ರುವಿಗೆ ಎಲ್ಲಿ ಪೆಟ್ಟು, ಯಾವ ಮಂತ್ರ ಯಾವ ಊರಿನಲ್ಲಿ, ಗಳಿಸಿದ ಅಂಕಗಳನ್ನು ಯಾವಾಗ ಖರ್ಚು ಮಾಡಬೇಕು ಎಂಬುದೆಲ್ಲ ಗೊತ್ತಾದಷ್ಟೂ ದಾರಿ ತೆರೆಯುತ್ತದೆ.

ಸರಣಿಯ ಮೊದಲ ಆಟ ಬಂದದ್ದು 1986ರ ಫೆಬ್ರವರಿ 21ರಂದು. ಅದರ ಹಿಂದಿದ್ದ ಶಿಗೆರು ಮಿಯಾಮೊಟೊ ಬೆಳೆದದ್ದು ಕ್ಯೋಟೊ ನಗರದ ಬಳಿಯ ಸೊನೊಬೆಯಲ್ಲಿ. ಅಲ್ಲಿನ ಗುಡ್ಡ, ಕಾಡು, ಗುಹೆಗಳಲ್ಲಿ ಒಬ್ಬನೇ ಅಲೆದಾಡಿದ ಬಾಲ್ಯವೇ ಆಟದ ಬೀಜವೆಂದು ಅವರು ಹೇಳಿಕೊಂಡಿದ್ದಾರೆ. ಹೈರೂಲ್ ಎಂಬ ರಾಜ್ಯ, ಜೆಲ್ಡಾ ಎಂಬ ರಾಜಕುಮಾರಿ, ಗ್ಯಾನನ್ ಎಂಬ ದುಷ್ಟ, ಲಿಂಕ್ ಎಂಬ ಹಸಿರು ಅಂಗಿಯ ಹುಡುಗ. ಆಟಗಾರ ಲಿಂಕ್‌ನನ್ನು ನಡೆಸಿಕೊಂಡು ಈ ನಾಡನ್ನು ತನಗೆ ತೋಚಿದ ದಿಕ್ಕಿನಲ್ಲಿ ಸುತ್ತಬಹುದಿತ್ತು. ಅದೇ ಆಟದ ಹೆಗ್ಗಳಿಕೆಯಾಯಿತು.

ಎರಡನೆಯ ಆಟವನ್ನು ಹೆಚ್ಚಾಗಿ ಬೇರೆಯದೇ ತಂಡ ರೂಪಿಸಿತು. ನಿರ್ದೇಶನ ತಡಾಶಿ ಸುಗಿಯಾಮ ಮತ್ತು ಯಸುಹಿಸಾ ಯಮಾಮುರಾ ಅವರದು, ಸಂಗೀತ ಅಕಿಟೊ ನಕಾತ್ಸುಕಾ ಅವರದು. ನಿರ್ಮಾಪಕ ಸ್ಥಾನದಲ್ಲಿ ಮಿಯಾಮೊಟೊ ಉಳಿದರು. ಕತ್ತಿಯನ್ನು ಮೇಲಕ್ಕೂ ಕೆಳಕ್ಕೂ ಬೀಸುವ, ಗುರಾಣಿಯನ್ನು ಎತ್ತರ ನೋಡಿ ಹಿಡಿಯುವ ಕಾದಾಟ ಅವರಿಗೆ ಬೇಕಿತ್ತು. ಮೊದಲ ಆಟದಲ್ಲಿ ಎಲ್ಲವೂ ಮೇಲಿನಿಂದ ಕಾಣುವ ನೋಟವಾದ್ದರಿಂದ ಅಲ್ಲಿ ಅದಕ್ಕೆ ಎಡೆಯಿರಲಿಲ್ಲ. ಹಾಗಾಗಿ ಎರಡನೆಯ ಆಟದಲ್ಲಿ ಎರಡು ನೋಟಗಳು ಬಂದವು. ಊರೂರು ತಿರುಗುವಾಗ ಭೂಪಟದಂಥ ಮೇಲ್ನೋಟ. ಊರಿನೊಳಗೆ, ಗುಹೆಯೊಳಗೆ, ಅರಮನೆಯೊಳಗೆ ಕಾಲಿಟ್ಟ ಕೂಡಲೇ ‘ಸೂಪರ್ ಮಾರಿಯೊ’ ಆಟದಲ್ಲಿರುವಂಥ ಪಕ್ಕದ ನೋಟ. ಜೊತೆಗೆ ಶತ್ರುಗಳನ್ನು ಕೊಂದು ಅಂಕ ಗಳಿಸಿ, ಆ ಅಂಕದಿಂದ ಲಿಂಕ್‌ನ ಕತ್ತಿಯ ಬಲ, ಮಂತ್ರಶಕ್ತಿ, ಜೀವಶಕ್ತಿ ಮೂರನ್ನೂ ಎಂಟನೆಯ ಲೆವೆಲ್‌ವರೆಗೆ ಏರಿಸಿಕೊಳ್ಳುವ ವ್ಯವಸ್ಥೆ. ಮೊದಲ ಆಟವನ್ನು ಮೆಚ್ಚಿ ಬಂದವರಿಗೆ ಇದು ತಮ್ಮ ಆಟವೇ ಹೌದೋ ಅಲ್ಲವೋ ಎಂಬ ಗೊಂದಲವಾಯಿತು. ಮುಂದೆ ಸರಣಿಯ ಯಾವ ಮುಖ್ಯ ಆಟವೂ ಈ ಜೋಡಣೆಗೆ ಮರಳಲಿಲ್ಲ.

ಜಪಾನಿನಲ್ಲಿ ಆಟ ಬಂದದ್ದು ಫ್ಯಾಮಿಕಾಮ್ ಯಂತ್ರಕ್ಕೆ ಜೋಡಿಸುವ ಡಿಸ್ಕ್ ಸಿಸ್ಟಮ್‌ಗೆ. ಆ ಡಿಸ್ಕಿನ ಎರಡೂ ಮುಖ ಸೇರಿ ಹಿಡಿಯುತ್ತಿದ್ದದ್ದು ಸುಮಾರು 112 ಕಿಲೋಬೈಟ್. ಇಂದು ಮೊಬೈಲಿನಲ್ಲಿ ತೆಗೆದ ಒಂದು ಫೋಟೊ ಅದಕ್ಕಿಂತ ಎಷ್ಟೋ ಪಟ್ಟು ದೊಡ್ಡದು. ಅಮೆರಿಕಕ್ಕೆ ಇದು ಹೋಗುವಾಗ 256 ಕಿಲೋಬೈಟ್‌ನ ಚಿನ್ನದ ಬಣ್ಣದ ಕಾರ್ಟ್ರಿಡ್ಜ್ ರೂಪ ತಾಳಿತು. 1988ರಲ್ಲಿ ಮೆಮೊರಿ ಚಿಪ್‌ಗಳ ಅಭಾವ ತಲೆದೋರಿ ಬಿಡುಗಡೆ ತಡವಾಯಿತು. ಕೊನೆಗೆ ಅದೇ ವರ್ಷದ ಡಿಸೆಂಬರ್‌ನಲ್ಲಿ ಅಂಗಡಿಗೆ ಬಂತು. ಒಟ್ಟು 43 ಲಕ್ಷಕ್ಕೂ ಹೆಚ್ಚು ಪ್ರತಿಗಳು ಮಾರಾಟವಾದವು.

1990ರ ದಶಕದಲ್ಲಿ ಕರ್ನಾಟಕದ ಮನೆಗಳಿಗೆ ಬಂದ ವಿಡಿಯೋ ಗೇಮ್‌ಗಳಲ್ಲಿ ಹೆಚ್ಚಿನವು ಫ್ಯಾಮಿಕಾಮ್ ಯಂತ್ರದ ನಕಲುಗಳು. ‘ಕ್ಯಾಸೆಟ್’ ಎಂದೇ ಇಲ್ಲಿ ಕರೆಸಿಕೊಂಡ ಕಾರ್ಟ್ರಿಡ್ಜ್‌ಗಳಲ್ಲಿ ಮಾರಿಯೊ, ಕಾಂಟ್ರಾ, ಡಕ್ ಹಂಟ್ ಇರುತ್ತಿದ್ದವು. ಒಂದೇ ಸಲ ಕೂತು ಆಡಿ ಮುಗಿಸಬಹುದಾದ ಆಟಗಳವು. ಜೆಲ್ಡಾದಂಥ ಉದ್ದದ ಆಟಕ್ಕೆ ಆಡಿದ್ದನ್ನು ಉಳಿಸಿಡುವ ಬ್ಯಾಟರಿ ಬೇಕು; ಅಗ್ಗದ ಕ್ಯಾಸೆಟ್‌ಗಳಲ್ಲಿ ಅದು ಇರುತ್ತಿರಲಿಲ್ಲ. ಆ ಯಂತ್ರದಲ್ಲಿ ಮಾರಿಯೊ ಆಡಿ ಬೆಳೆದ ಕನ್ನಡಿಗರಿಗೂ ಜೆಲ್ಡಾ ಸರಣಿ ತಡವಾಗಿ ಪರಿಚಯವಾದದ್ದು ಹೀಗೆ.

ಕಥೆ ಸರಳ, ಆದರೆ ಅದರಲ್ಲೊಂದು ಕತ್ತಲಿದೆ. ಮೊದಲ ಆಟದ ಕೊನೆಯಲ್ಲಿ ಗ್ಯಾನನ್ ಸತ್ತಿದ್ದಾನೆ. ಅವನ ಬೂದಿಯ ಮೇಲೆ ಲಿಂಕ್‌ನ ರಕ್ತ ಚಿಮುಕಿಸಿದರೆ ಅವನು ಮತ್ತೆ ಎದ್ದುಬರುತ್ತಾನೆಂದು ಅವನ ಹಿಂಬಾಲಕರು ಕಾಯುತ್ತಿದ್ದಾರೆ. ಇತ್ತ ಹಿಂದಿನ ಕಾಲದ ಇನ್ನೊಬ್ಬ ಜೆಲ್ಡಾ ಮಾಂತ್ರಿಕನ ಶಾಪದಿಂದ ಉತ್ತರದ ಅರಮನೆಯಲ್ಲಿ ನಿದ್ರೆಗೆ ಜಾರಿ ಹಾಗೇ ಮಲಗಿದ್ದಾಳೆ. ಅವಳನ್ನು ಎಬ್ಬಿಸಲು ಧೈರ್ಯದ ಟ್ರೈಫೋರ್ಸ್ ಎಂಬ ದಿವ್ಯ ವಸ್ತು ಬೇಕು. ಅದು ಮಹಾ ಅರಮನೆಯಲ್ಲಿದೆ. ಅಲ್ಲಿಗೆ ಕಾಲಿಡಬೇಕಾದರೆ ಉಳಿದ ಆರು ಅರಮನೆಗಳಲ್ಲಿ ಒಂದೊಂದರಲ್ಲೂ ಒಂದೊಂದು ಹರಳನ್ನು ಇಡಬೇಕು. ಲಿಂಕ್ ಸತ್ತು ‘ಗೇಮ್ ಓವರ್’ ಆದಾಗ ಪರದೆಯ ಮೇಲೆ ಗ್ಯಾನನ್ ಮರಳಿ ಬಂದನೆಂಬ ಸಾಲು ಮೂಡುತ್ತದೆ. ಸೋಲನ್ನು ಕಥೆಗೆ ಇಷ್ಟು ಬಿಗಿಯಾಗಿ ಕಟ್ಟಿದ ಆಟ ಆ ಕಾಲಕ್ಕೆ ಅಪರೂಪ.

ಸೋಲಿನ ಬೆಲೆಯೂ ದೊಡ್ಡದೇ. ಲಿಂಕ್‌ಗೆ ಒಂದು ಸಲಕ್ಕೆ ಮೂರು ಲೈಫ್. ಮೂರೂ ಮುಗಿದರೆ, ಭೂಪಟದ ಯಾವ ಮೂಲೆಯಲ್ಲಿದ್ದರೂ ಸರಿ, ಜೆಲ್ಡಾ ಮಲಗಿರುವ ಉತ್ತರದ ಅರಮನೆಗೇ ವಾಪಸ್. ಮುಂದಿನ ಲೆವೆಲ್‌ಗೆಂದು ಕೂಡಿಟ್ಟ ಅಂಕಗಳೆಲ್ಲ ಸೊನ್ನೆ. ಜಪಾನಿನ ಮೂಲ ಡಿಸ್ಕಿನಲ್ಲಿ ಇದು ಇನ್ನೂ ಕಠೋರವಾಗಿತ್ತು: ಮೂರು ಶಕ್ತಿಗಳಲ್ಲಿ ಯಾವುದು ತೀರ ಕೆಳಗಿದೆಯೋ ಆ ಲೆವೆಲ್‌ಗೆ ಉಳಿದೆರಡೂ ಇಳಿಯುತ್ತಿದ್ದವು. ಅಮೆರಿಕದ ಕಾರ್ಟ್ರಿಡ್ಜ್‌ನಲ್ಲಿ ಇದನ್ನು ತೆಗೆದರು. ಹೊಂಡಕ್ಕೋ ಲಾವಾಕ್ಕೋ ಬಿದ್ದರೆ ಜೀವಶಕ್ತಿ ಎಷ್ಟೇ ಇದ್ದರೂ ಒಂದು ಲೈಫ್ ಹೋಯಿತು. ಪೆಟ್ಟು ಬಿದ್ದಾಗ ಲಿಂಕ್ ಹಿಂದಕ್ಕೆ ತಳ್ಳಿಸಿಕೊಳ್ಳುತ್ತಾನೆ. ಸೇತುವೆಯ ಅಂಚಿನಲ್ಲಿ ಹಾರಿಬಂದ ಸಣ್ಣದೊಂದು ಜೀವಿ ತಾಗಿದರೂ ಕೆಳಗಿನ ಲಾವಾ ಉಳಿದ ಕೆಲಸ ಮುಗಿಸುತ್ತದೆ. ಕೆಲವು ಶತ್ರುಗಳು ತಾಗಿದರೆ ಜೀವದ ಜೊತೆ ಗಳಿಸಿದ ಅಂಕವೂ ಹೋಗುತ್ತದೆ.

ಬಹಳಷ್ಟು ಮಂದಿ ಮೊದಲು ಮುಗ್ಗರಿಸುವುದು ಮರಳುಗಾಡಿನಲ್ಲಿರುವ ಮೊದಲ ಅರಮನೆ ಪರಾಪಾದಲ್ಲೇ. ಅಲ್ಲಿ ಎದುರಾಗುವವನು ಐರನ್ ನಕಲ್ ಎಂಬ ಕವಚಧಾರಿ ಯೋಧ. ಇಡೀ ಆಟದ ಪಾಠ ಇವನೊಬ್ಬನಲ್ಲಿದೆ. ಅವನೂ ಲಿಂಕ್‌ನಂತೆ ಕತ್ತಿ, ಗುರಾಣಿ ಹಿಡಿದವನು. ಲಿಂಕ್ ನಿಂತು ಹೊಡೆದರೆ ಗುರಾಣಿ ಮೇಲೇರುತ್ತದೆ, ಕುಳಿತು ಹೊಡೆದರೆ ಕೆಳಗಿಳಿಯುತ್ತದೆ. ಲಿಂಕ್‌ನ ಕತ್ತಿ ಗಿಡ್ಡ. ಅದು ತಾಗುವಷ್ಟು ಹತ್ತಿರ ಹೋದರೆ ಅವನ ಕತ್ತಿಗೂ ಸಿಕ್ಕಂತೆಯೇ. ಹೊಸಬರು ಗುಂಡಿಯನ್ನು ಬಡಬಡನೆ ಒತ್ತಿ ಸಾಯುತ್ತಾರೆ. ಪಳಗಿದವರು ಕುಸ್ತಿಯ ಅಖಾಡದಲ್ಲಿ ಎದುರಾಳಿಯ ಭುಜ ನೋಡುತ್ತ ಪಟ್ಟು ಕಾಯುವವರಂತೆ ನಿಲ್ಲುತ್ತಾರೆ. ಅವನ ಮುಂದೆ ಹಾರಿ, ಕೆಳಗಿಳಿಯುತ್ತಿರುವಾಗ ಕತ್ತಿ ಚಾಚಿದರೆ ಅದು ಗುರಾಣಿಯ ಮೇಲಂಚು ದಾಟಿ ಶಿರಸ್ತ್ರಾಣಕ್ಕೆ ತಾಗುತ್ತದೆ. ಒಂದು ಹೆಜ್ಜೆ ಹಿಂದೆ, ಮತ್ತೆ ಅದೇ ಜಿಗಿತ. ಈ ಲಯ ಕೈಗೆ ಹತ್ತಿದ ದಿನ ಕಿತ್ತಳೆ ಬಣ್ಣದ ಯೋಧ ಸುಲಭನಾಗುತ್ತಾನೆ. ಆಮೇಲೆ ಕೆಂಪು, ಅದರಾಚೆ ದೂರದಿಂದಲೇ ಕತ್ತಿ ಎಸೆಯುವ ನೀಲಿ. ನೀಲಿಯವನ ಎದುರು ಗುರಾಣಿಯನ್ನು ಮೇಲೆ ಕೆಳಗೆ ಮಾಡುತ್ತ ಬರುವ ಕತ್ತಿಗಳನ್ನು ತಡೆದುಕೊಂಡೇ ಮುಂದೆ ಸರಿಯಬೇಕು. ಎಂಟು ಬಿಟ್‌ನ ಯಂತ್ರವೊಂದು ಇಷ್ಟು ನಿಜವಾದ ದ್ವಂದ್ವಯುದ್ಧವನ್ನು ಕೊಟ್ಟದ್ದು ಈ ಆಟದ ದೊಡ್ಡ ಸಾಧನೆ. ಕಷ್ಟವೆಂದು ಬೈಯುವ ಭರದಲ್ಲಿ ಇದನ್ನು ಗುರುತಿಸಿದವರು ಕಡಿಮೆ.

ಎರಡನೆಯ ತಡೆ ಡೆತ್ ಮೌಂಟನ್ ಎಂಬ ಬೆಟ್ಟದ ಗುಹೆಗಳ ಜಾಲ. ದಾರಿಗೆ ಅಡ್ಡವಿರುವ ಬಂಡೆ ಒಡೆಯಲು ಸುತ್ತಿಗೆ ಬೇಕು, ಸುತ್ತಿಗೆ ಈ ಜಾಲದ ಆಚೆ ಇದೆ. ಹತ್ತಾರು ಗುಹೆಬಾಯಿಗಳು, ಒಂದರಿಂದ ಹೊಕ್ಕರೆ ಇನ್ನೆಲ್ಲೋ ಹೊರಬರುತ್ತದೆ. ಒಳಗೆ ಡೈರಾ ಎಂಬ ಮೊಸಳೆಮೊಗದ ಕೊಡಲಿಕಾರರು. ಅವರ ಕೊಡಲಿಗೆ ಲಿಂಕ್‌ನ ಗುರಾಣಿ ತಡೆಯಲ್ಲ. ಆಟ ಇನ್ನೂ ಅರ್ಧವೂ ಆಗಿಲ್ಲ, ಆದರೆ ಇಲ್ಲಿ ಸತ್ತರೆ ಪುನಃ ಉತ್ತರದ ಅರಮನೆಯಿಂದ ನಡೆಯಬೇಕು. ಕಾರ್ಟ್ರಿಡ್ಜ್‌ಗಳು ಕಪಾಟು ಸೇರಿದ್ದು ಹೆಚ್ಚಾಗಿ ಈ ಬೆಟ್ಟದ ಬುಡದಲ್ಲೇ. ದಾರಿ ಗೊತ್ತಿರುವವರಿಗೆ ಮಾತ್ರ ಇದು ಕೆಲವೇ ನಿಮಿಷಗಳ ನಡಿಗೆ. ಕೈಬರಹದಲ್ಲಿ ಒಂದು ನಕ್ಷೆ ಬರೆದಿಟ್ಟುಕೊಂಡರೆ ಈ ಘಟ್ಟದ ಭಯ ಅಲ್ಲಿಗೆ ಮುಗಿಯಿತು.

ಊರುಗಳ ಸಮಸ್ಯೆ ಬೇರೆ. ರೌರು, ರುಟೊ, ಸಾರಿಯಾ, ಮಿಡೊ, ನಬೂರು, ಡರುನಿಯಾ, ಹಳೆಯ ಮತ್ತು ಹೊಸ ಕಸುಟೊ ಎಂಬ ಎಂಟು ಊರುಗಳಲ್ಲಿ ಒಂದೊಂದರಲ್ಲೂ ಒಬ್ಬೊಬ್ಬ ಮುದುಕ ಒಂದೊಂದು ಮಂತ್ರ ಕಲಿಸುತ್ತಾನೆ. ಮೊದಲನೆಯದು ಬಿಟ್ಟರೆ ಹೆಚ್ಚಿನವು ಸುಮ್ಮನೆ ಸಿಗುವುದಿಲ್ಲ. ಒಂದೂರಿನಲ್ಲಿ ಹೆಂಗಸೊಬ್ಬಳ ಕನ್ನಡಿ ಕಳೆದಿದೆ, ಅದು ಮನೆಯೊಂದರ ಮೇಜಿನ ಕೆಳಗಿದೆ. ಇನ್ನೊಂದೂರಿನಲ್ಲಿ ಬಾಯಾರಿದವಳಿಗೆ ಕಾರಂಜಿಯ ನೀರು ತಂದುಕೊಡಬೇಕು. ಮತ್ತೊಂದೂರಿನವರ ಮಗುವನ್ನು ಯಾರೋ ಎತ್ತಿಕೊಂಡು ಹೋಗಿ ಚಕ್ರವ್ಯೂಹದ ದ್ವೀಪದಲ್ಲಿ ಬಿಟ್ಟಿದ್ದಾರೆ. ಸಾರಿಯಾದ ಬಳಿ ನದಿ ದಾಟಲು ಬಗು ಎಂಬವನ ಚೀಟಿ ಬೇಕು. ಬಗುವಿನ ಮನೆ ಕಾಡಿನೊಳಗೆ ಕಣ್ಣಿಗೆ ಬೀಳದಂತೆ ಅಡಗಿದೆ. ಹೊಸ ಕಸುಟೊ ಊರಂತೂ ಭೂಪಟದಲ್ಲೇ ಇಲ್ಲ. ಸುತ್ತಿಗೆಯಿಂದ ಮರಗಳನ್ನು ಕಡಿದಾಗ ಒಂದು ಕಡೆ ಊರು ಬಯಲಾಗುತ್ತದೆ. ಆ ಊರಿನಲ್ಲಿ ಕಲಿತ ಮಂತ್ರವನ್ನು ಅದೇ ಊರಿನ ಕೊನೆಯಲ್ಲಿ ಹೇಳಿದರೆ ನೆಲದಿಂದ ಕಟ್ಟಡವೊಂದು ಮೇಲೇಳುತ್ತದೆ, ಅದರೊಳಗೆ ಎಲ್ಲ ಬೀಗಗಳನ್ನೂ ತೆರೆಯುವ ಕೀಲಿ. ಆರನೆಯ ಅರಮನೆ ಕಾಣಬೇಕಾದರೆ ಮೂರು ಬಂಡೆಗಳ ನಡುವೆ ನಿಂತು ಕೊಳಲು ಊದಬೇಕು.

ಇವಕ್ಕೆಲ್ಲ ಊರವರ ಮಾತಿನಲ್ಲಿ ಸುಳಿವುಗಳಿವೆ. ಆದರೆ ಜಾಗ ಉಳಿಸಲೆಂದು ಮಾತುಗಳನ್ನು ತೀರ ಮೊಟಕಾಗಿ ಬರೆದದ್ದರಿಂದ, ಇಂಗ್ಲಿಷ್ ರೂಪದಲ್ಲಿ ಹಲವು ಸುಳಿವುಗಳು ಒಗಟುಗಳೇ ಆಗಿಬಿಟ್ಟವು. ಇದು ಆಟದ ನಿಜವಾದ ದೋಷ. ಯುದ್ಧದ ಕಷ್ಟ ಅಭ್ಯಾಸದಿಂದ ಕರಗುತ್ತದೆ. ಎಲ್ಲೂ ಸರಿಯಾಗಿ ಹೇಳದ ಗುಟ್ಟು ಎಷ್ಟು ಅಭ್ಯಾಸ ಮಾಡಿದರೂ ಕರಗುವುದಿಲ್ಲ. ಅಮೆರಿಕದಲ್ಲಿ ನಿಂಟೆಂಡೊ ಆಟಗಾರರ ನೆರವಿಗೆಂದು ಫೋನಿನಲ್ಲಿ ಉತ್ತರಿಸುವ ಸಿಬ್ಬಂದಿಯನ್ನೇ ಇಟ್ಟಿತ್ತು. 1988ರಲ್ಲಿ ಶುರುವಾದ ‘ನಿಂಟೆಂಡೊ ಪವರ್’ ಪತ್ರಿಕೆ ನಕ್ಷೆಗಳನ್ನು ಅಚ್ಚು ಹಾಕುತ್ತಿತ್ತು. ಪತ್ರಿಕೆ ಸಿಗದ, ಫೋನಿಗೆ ದುಡ್ಡಿಲ್ಲದ ಹುಡುಗರು ಅಲ್ಲೇ ನಿಂತರು. ಇಂದು ಪೂರ್ಣ ನಕ್ಷೆಗಳು ಎಲ್ಲರಿಗೂ ಸಿಗುತ್ತವೆ. ದೊಡ್ಡವರಾದ ಮೇಲೆ ಆಟ ಮುಗಿಸಲು ಸಾಧ್ಯವಾಗುವುದಕ್ಕೆ ಇದು ಮೊದಲ ಕಾರಣ. ನಕ್ಷೆ ನೋಡಿ ಆಡುವುದು ಮೋಸವೆಂದು ಹಿಂಜರಿಯುವವರಿದ್ದಾರೆ. ಈ ಆಟದ ಮಟ್ಟಿಗೆ ಆ ಹಿಂಜರಿಕೆ ಬೇಕಿಲ್ಲ. ಇದು ಬಂದ ಕಾಲದಲ್ಲೂ ಜನ ಪರಸ್ಪರ ಕೇಳಿ, ಪತ್ರಿಕೆ ನೋಡಿಯೇ ಮುಗಿಸುತ್ತಿದ್ದರು.

ಎರಡನೆಯ ಕಾರಣ ಲೆಕ್ಕಾಚಾರ. ಅಂಕ ಸಾಕಷ್ಟಾದಾಗ ಲೆವೆಲ್ ಏರಿಸಿಕೊಳ್ಳಲು ಆಟ ಕೇಳುತ್ತದೆ. ಕಡಿಮೆ ಬೆಲೆಯದನ್ನು ಬೇಡವೆಂದು ಹೇಳಿ, ಹೆಚ್ಚು ಬೆಲೆಯದಕ್ಕೆ ಕೂಡಿಡುವ ಅವಕಾಶವೂ ಉಂಟು. ಆರಂಭದಲ್ಲೇ ಕತ್ತಿಯ ಬಲ ಏರಿಸಿದರೆ ಶತ್ರುಗಳು ಬೇಗ ಸಾಯುತ್ತಾರೆ, ಅಂಕ ಬೇಗ ಕೂಡುತ್ತದೆ. ಇನ್ನೊಂದು ಸೂಕ್ಷ್ಮವಿದೆ. ಅರಮನೆಯಲ್ಲಿ ಹರಳನ್ನು ಇಟ್ಟ ಕೂಡಲೇ ಮುಂದಿನ ಲೆವೆಲ್‌ಗೆ ಎಷ್ಟು ಕೊರತೆಯಿದೆಯೋ ಅಷ್ಟೂ ಅಂಕ ಒಮ್ಮೆಗೇ ಸಿಗುತ್ತದೆ. ಹತ್ತು ಅಂಕದ ಕೊರತೆಯಿದ್ದರೂ ಅಷ್ಟೇ, ಸಾವಿರಾರು ಅಂಕದ ಕೊರತೆಯಿದ್ದರೂ ಅಷ್ಟೇ. ಆದ್ದರಿಂದ ತಿಳಿದವರು ಲೆವೆಲ್ ಏರಿದ ಬೆನ್ನಿಗೇ ಹರಳು ಇಡುತ್ತಾರೆ. ಕೆಲವರು ಅರಮನೆಯಲ್ಲಿ ಸಿಗುವ ಸಾಮಾನು ಮಾತ್ರ ತೆಗೆದುಕೊಂಡು, ಹರಳನ್ನು ಲೆವೆಲ್ ದುಬಾರಿಯಾಗುವ ಕಾಲಕ್ಕೆ ಉಳಿಸಿಕೊಳ್ಳುತ್ತಾರೆ. ಹರಳು ಇಟ್ಟ ಅರಮನೆ ಕಲ್ಲಾಗಿ ಮುಚ್ಚಿಹೋಗುತ್ತದೆ, ಮತ್ತೆ ಒಳಹೋಗಲಾಗದು. ಈ ಬಗೆಯ ಲೆಕ್ಕ ಹತ್ತು ವರ್ಷದ ಮಗುವಿನ ತಲೆಗೆ ಹೊಳೆಯುವುದಕ್ಕಿಂತ, ತಿಂಗಳ ಖರ್ಚು ಸರಿದೂಗಿಸಿ ಅಭ್ಯಾಸವಿರುವವರಿಗೆ ಬೇಗ ಹೊಳೆಯುತ್ತದೆ.

ಮೂರನೆಯದು ಮಂತ್ರಗಳ ಬಳಕೆ. ನಾಲ್ಕನೆಯ ಅರಮನೆಯ ಮುಖ್ಯ ಶತ್ರುವಾದ ಕೆರಾಕ್ ಎಂಬ ಮಾಂತ್ರಿಕನಿಗೆ ಕತ್ತಿ ತಾಗುವುದೇ ಇಲ್ಲ. ಅವನು ಅಲ್ಲಲ್ಲಿ ಮಾಯವಾಗಿ ಮೂಡುತ್ತ ಕಿರಣಗಳನ್ನು ಎಸೆಯುತ್ತಾನೆ. ಪ್ರತಿಫಲನದ ಮಂತ್ರ ಹಾಕಿಕೊಂಡು ಗುರಾಣಿ ಹಿಡಿದು ಮೂಲೆಯಲ್ಲಿ ಕುಳಿತರೆ ಅವನು ಎಸೆದದ್ದು ಅವನಿಗೇ ತಿರುಗಿ ಹೊಡೆಯುತ್ತದೆ. ಮಿಡೊ ಊರಿನಲ್ಲಿ ಕಲಿಯುವ ಕೆಳಮುಖದ ಇರಿತವೂ ಇಂಥದೇ. ಅದಿಲ್ಲದೆ ಕಷ್ಟಪಟ್ಟು ಕೊಲ್ಲುತ್ತಿದ್ದ ಎಷ್ಟೋ ಜೀವಿಗಳ ಮೇಲೆ ಅದು ಬಂದ ಮೇಲೆ ಜಿಗಿಜಿಗಿದು ಸಾಗಬಹುದು. ಊರಿನ ಚರ್ಚಿನಂಥ ಕಟ್ಟಡದೊಳಗೆ ಹಾರಿ ಇಳಿಯುವ ದಾರಿ ಹುಡುಕಿದವರಿಗೆ ಮಾತ್ರ ಆ ಪಟ್ಟು ಕಲಿಸುವ ಗುರು ಸಿಗುತ್ತಾನೆ.

ಕೊನೆಯ ಮಹಾ ಅರಮನೆಗೆ ಹೋಗುವ ಸಾವಿನ ಕಣಿವೆಯೇ ಒಂದು ಪರೀಕ್ಷೆ. ಒಳಗೆ ಹೊಕ್ಕ ಮೇಲೆ ಆಟ ಒಂದು ದಯೆ ತೋರಿಸುತ್ತದೆ: ಇಲ್ಲಿ ಮೂರೂ ಲೈಫ್ ಕಳೆದರೆ ಉತ್ತರದ ಅರಮನೆಯ ಬದಲು ಇದೇ ಅರಮನೆಯ ಬಾಗಿಲಿನಿಂದ ಮತ್ತೆ ಶುರು. ಗೊಂಬೆಯ ರೂಪದ ಹೆಚ್ಚುವರಿ ಲೈಫ್‌ಗಳು ಆಟದಲ್ಲಿ ಬೆರಳೆಣಿಕೆಯಷ್ಟೇ ಇವೆ, ಒಮ್ಮೆ ತೆಗೆದುಕೊಂಡದ್ದು ಮತ್ತೆ ಬರುವುದಿಲ್ಲ. ಅನುಭವಿಗಳು ಅವನ್ನು ಹಿಂದೆಲ್ಲೂ ಮುಟ್ಟದೆ ಈ ಕೊನೆಯ ನಡಿಗೆಗೆಂದೇ ಕಾದಿರಿಸುತ್ತಾರೆ. ಅರಮನೆಯೊಳಗೆ ಸುಳ್ಳು ಗೋಡೆಗಳು, ಕುಸಿಯುವ ನೆಲ, ಎಲ್ಲಿಗೂ ಮುಟ್ಟದ ಹಾದಿಗಳು. ಜೊತೆಗೆ ಫೋಕಾ ಎಂಬ ಹಕ್ಕಿಮೊಗದ ಯೋಧರು, ಐರನ್ ನಕಲ್‌ಗಿಂತ ವೇಗದವರು.

ತುದಿಯಲ್ಲಿ ಥಂಡರ್‌ಬರ್ಡ್ ಎಂಬ ದೈತ್ಯ. ಗುಡುಗಿನ ಮಂತ್ರ ಹಾಕುವವರೆಗೆ ಅವನಿಗೆ ಏನೂ ತಾಗದು, ಆ ಮಂತ್ರವಿರುವುದು ಪಾಳುಬಿದ್ದ ಹಳೆಯ ಕಸುಟೊದಲ್ಲಿ, ಅಲ್ಲಿನ ಕಣ್ಣಿಗೆ ಕಾಣದ ಶತ್ರುಗಳನ್ನು ನೋಡಲು ಆರನೆಯ ಅರಮನೆಯ ಶಿಲುಬೆ ಕೈಯಲ್ಲಿದ್ದರೆ ಒಳ್ಳೆಯದು. ಮಂತ್ರಕ್ಕೆ ಬಹಳ ಶಕ್ತಿ ಖರ್ಚಾಗುವುದರಿಂದ ಅರಮನೆಯ ಹಾದಿಯುದ್ದಕ್ಕೂ ಜಿಪುಣತನ ಮಾಡಿಕೊಂಡು ಬಂದಿರಬೇಕು. ಜಿಗಿತದ ಮಂತ್ರವೂ ಬೇಕು, ಏಕೆಂದರೆ ಪೆಟ್ಟು ತಾಗುವುದು ಅವನ ತಲೆಗೆ ಮಾತ್ರ.

ಅವನು ಸತ್ತ ಮೇಲೆ ಟ್ರೈಫೋರ್ಸ್ ಇಟ್ಟ ಕೋಣೆ. ಕಾವಲಿನ ಕುಳ್ಳ ಮುದುಕ ಎದ್ದುನಿಂತಾಗ ಲಿಂಕ್‌ನ ನೆರಳೇ ಅವನಿಂದ ಬೇರ್ಪಟ್ಟು ಕತ್ತಿ ಹಿಡಿಯುತ್ತದೆ. ಈ ನೆರಳಿಗೆ ಲಿಂಕ್‌ನಷ್ಟೇ ಎತ್ತರ, ಅಷ್ಟೇ ಉದ್ದದ ಕತ್ತಿ, ಅದೇ ಜಿಗಿತ. ಪರಾಪಾದ ಯೋಧನೆದುರು ಕಲಿತ ಲಯವನ್ನು ಇಲ್ಲಿ ತನ್ನದೇ ಪ್ರತಿರೂಪದ ಮೇಲೆ ಪ್ರಯೋಗಿಸಬೇಕು. ಕೋಣೆಯ ಎಡ ಮೂಲೆಯಲ್ಲಿ ಕುಳಿತು ಇರಿಯುತ್ತಲೇ ಇದ್ದರೆ ನೆರಳು ತಾನೇ ಬಂದು ಕತ್ತಿಗೆ ಬೀಳುತ್ತದೆಂಬ ಉಪಾಯ ಬಹಳ ಹಿಂದೆಯೇ ಪತ್ತೆಯಾಗಿದೆ. ಎಷ್ಟೋ ಜನರ ಗೆಲುವು ಆ ಮೂಲೆಯಲ್ಲೇ ಆಗಿದೆ. ಆದರೂ ಒಮ್ಮೆಯಾದರೂ ಕೋಣೆಯ ನಡುವೆ ನಿಂತು ಕಾದಾಡಿ ನೋಡುವುದು ಉಚಿತ. ಇಡೀ ಆಟದ ಅತ್ಯುತ್ತಮ ಕಾದಾಟ ಅದು.

ಇಂದು ಆಡಬಯಸುವವರಿಗೆ ಹಲವು ದಾರಿಗಳಿವೆ. ಹಳೆಯ ಚಿನ್ನದ ಬಣ್ಣದ ಕಾರ್ಟ್ರಿಡ್ಜ್ ಸಿಕ್ಕರೆ, ಒಳಗಿನ ನಾಣ್ಯದಂಥ ಬ್ಯಾಟರಿ ಸತ್ತಿರುವ ಸಂಭವ ಹೆಚ್ಚು. ಆಗ ಆಟ ನಡೆಯುತ್ತದೆ, ಆದರೆ ಸೇವ್ ಆಗುವುದಿಲ್ಲ. ಬೆಸುಗೆ ಬಲ್ಲವರು ಬ್ಯಾಟರಿ ಬದಲಿಸಿಕೊಡಬಲ್ಲರು. ಆಟ 2003ರಲ್ಲಿ ಗೇಮ್‌ಕ್ಯೂಬ್‌ನ ಸಂಗ್ರಹದಲ್ಲಿ, 2004ರಲ್ಲಿ ಗೇಮ್ ಬಾಯ್ ಅಡ್ವಾನ್ಸ್‌ನಲ್ಲಿ, 2016ರ ಪುಟ್ಟ ಎನ್‌ಇಎಸ್ ಕ್ಲಾಸಿಕ್ ಯಂತ್ರದಲ್ಲಿ ಮರಳಿ ಬಂತು. 2019ರಿಂದ ಸ್ವಿಚ್ ಕನ್ಸೋಲ್‌ನ ಆನ್‌ಲೈನ್ ಚಂದಾದಾರರಿಗೂ ಲಭ್ಯ. ಎನ್‌ಇಎಸ್ ಕ್ಲಾಸಿಕ್ ಮತ್ತು ಸ್ವಿಚ್‌ನ ರೂಪಗಳಲ್ಲಿ ಬೇಕಾದ ಕ್ಷಣದಲ್ಲಿ ಆಟ ನಿಲ್ಲಿಸಿ ಅಲ್ಲಿಂದಲೇ ಮುಂದುವರಿಸಬಹುದು. ಸ್ವಿಚ್‌ನಲ್ಲಿ ತಪ್ಪಿದ ಜಿಗಿತವನ್ನು ಹಿಂದಕ್ಕೆ ಓಡಿಸಿ ಮತ್ತೆ ಪ್ರಯತ್ನಿಸಬಹುದು. ಮೊದಲ ಸೌಲಭ್ಯ ಸಂಸಾರ, ಉದ್ಯೋಗಗಳ ನಡುವೆ ಅರ್ಧ ತಾಸು ಬಿಡುವು ಸಿಕ್ಕವರಿಗೆ ವರದಾನ. ಎರಡನೆಯದನ್ನು ಮಿತವಾಗಿ ಬಳಸುವುದು ಒಳ್ಳೆಯದು, ಏಕೆಂದರೆ ಪ್ರತಿ ಪೆಟ್ಟನ್ನೂ ಅಳಿಸುತ್ತ ಹೋದರೆ ಐರನ್ ನಕಲ್ ಕಲಿಸುವ ಪಾಠ ಕೈಗೆ ಹತ್ತುವುದಿಲ್ಲ, ಕೊನೆಯ ಕೋಣೆಯಲ್ಲಿ ಅದರ ಅಗತ್ಯ ಬಿದ್ದೇ ಬೀಳುತ್ತದೆ.

ಮಿಯಾಮೊಟೊ ಅವರೇ ಮುಂದೆ ಒಂದು ಸಂದರ್ಶನದಲ್ಲಿ, ಇನ್ನೂ ಹೆಚ್ಚಿನದನ್ನು ಮಾಡಬಹುದಾಗಿದ್ದ ಆಟವೆಂದು ಇದನ್ನು ಹೆಸರಿಸಿದರು. ಆದರೆ ಸರಣಿ ಇದರಿಂದ ಪಡೆದದ್ದು ಕಡಿಮೆಯೇನಲ್ಲ. ಮಂತ್ರಶಕ್ತಿಯ ಅಳತೆಪಟ್ಟಿ 1991ರ ‘ಎ ಲಿಂಕ್ ಟು ದಿ ಪಾಸ್ಟ್’ನಲ್ಲಿ ಮುಂದುವರಿಯಿತು. 1998ರ ‘ಒಕರಿನಾ ಆಫ್ ಟೈಮ್’ನಲ್ಲಿ ರೌರು, ರುಟೊ, ಸಾರಿಯಾ, ನಬೂರು, ಡರುನಿಯಾ ಎಂಬ ಊರುಗಳ ಹೆಸರುಗಳು ಜ್ಞಾನಿಗಳ ಹೆಸರುಗಳಾಗಿ ಬಂದವು, ನೆರಳು ಲಿಂಕ್ ನೀರಿನ ದೇಗುಲದಲ್ಲಿ ಮತ್ತೆ ಎದುರಾದ. ಆ ಆಟದಿಂದ ಸರಣಿಗೆ ಬಂದವರು ಎರಡನೆಯ ಆಟವನ್ನು ಆಮೇಲೆ ಆಡಿದಾಗ ಇವನ್ನೆಲ್ಲ ಮೂಲದಲ್ಲಿ ಕಾಣುತ್ತಾರೆ.

ನೆರಳು ಸೋತ ಮೇಲೆ ಟ್ರೈಫೋರ್ಸ್ ಲಿಂಕ್‌ನ ಕೈಸೇರುತ್ತದೆ, ಜೆಲ್ಡಾ ಎಚ್ಚರಗೊಳ್ಳುತ್ತಾಳೆ, ರಂಗದ ಪರದೆ ಇಳಿಯುತ್ತದೆ. ಗೆದ್ದವರ ಸೇವ್ ಫೈಲ್ ಅಲ್ಲಿಗೆ ನಿರುಪಯೋಗಿಯಾಗುವುದಿಲ್ಲ. ಅದನ್ನು ಮತ್ತೆ ತೆರೆದರೆ ಆಟ ಆರಂಭದಿಂದ ಶುರುವಾಗುತ್ತದೆ. ಸಾಮಾನುಗಳು ಮತ್ತು ಹರಳುಗಳನ್ನು ಹೊಸದಾಗಿ ಹುಡುಕಬೇಕು, ಆದರೆ ಏರಿಸಿಕೊಂಡ ಲೆವೆಲ್‌ಗಳು, ಕಲಿತ ಮಂತ್ರಗಳು, ಕತ್ತಿಯ ಪಟ್ಟುಗಳು ಲಿಂಕ್‌ನ ಬಳಿ ಹಾಗೆಯೇ ಇರುತ್ತವೆ.